ಊಟದ ಮನೆಗೆ ಕಡುಬಣ್ಣದ ಕಳೆ

ಮಳೆ ನಿಂತಿದೆ, ದೀಪಾವಳಿ ಹತ್ತಿರವಾಗಿದೆ, ಪೇಂಟರ್ ಶೇಡ್ ಕಾರ್ಡ್ ಹಿಡಿದು ಬಾಗಿಲಲ್ಲಿದ್ದಾರೆ. ಊಟದ ಕೋಣೆಗೆ ಈ ಸಲವೂ ಅದೇ ಕೆನೆಬಣ್ಣವೇ? ಪಾಂಪೇಯ ಕಪ್ಪುಗೋಡೆ, ಲಂಡನ್ನಿನ ನವಿಲುನೀಲಿ, ನಮ್ಮ ಮಲೆನಾಡಿನ ಕೆಮ್ಮಣ್ಣು ಏನು ಹೇಳುತ್ತವೆ ಎಂದು ಒಮ್ಮೆ ಕೇಳಿ ಆಮೇಲೆ ಡಬ್ಬ ತೆರೆಯಿರಿ!

ಹೊತ್ತು ಮುಳುಗಿದೆ. ಉದ್ದನೆಯ ಕೋಣೆಯೊಂದರಲ್ಲಿ ಆಳುಗಳು ಎಣ್ಣೆದೀಪಗಳನ್ನು ಒಂದೊಂದಾಗಿ ಹಚ್ಚುತ್ತಿದ್ದಾರೆ. ಅತಿಥಿಗಳು ಮಂಚಗಳ ಮೇಲೆ ಒರಗಿ ದ್ರಾಕ್ಷಾರಸದ ಬಟ್ಟಲು ಎತ್ತಿಕೊಳ್ಳುತ್ತಾರೆ. ಕೆಳಗೆ ಲಕ್ಷಗಟ್ಟಲೆ ಬಿಳಿ ಕಲ್ಲಿನ ಚೂರುಗಳನ್ನು ಕೂಡಿಸಿದ ನೆಲ. ಸುತ್ತಲಿನ ಗೋಡೆ ಮಾತ್ರ ಅಚ್ಚ ಕಪ್ಪು.

ಆ ಕಪ್ಪಿನ ನಡುವಿನಿಂದ ಟ್ರಾಯ್ ಯುದ್ಧದ ಕಥೆಯ ಜನ ಮೂಡಿ ಬಂದಿದ್ದಾರೆ. ಹೆಲೆನ್, ಅವಳೆದುರು ಪ್ಯಾರಿಸ್, ಇಬ್ಬರ ನಡುವೆ ಒಂದು ನಾಯಿ. ಇನ್ನೊಂದೆಡೆ ಭವಿಷ್ಯ ಬಲ್ಲ ಕಸಾಂಡ್ರ, ಅವಳ ಬಳಿ ಅಪೊಲೊ. ದೀಪದ ಕುಡಿ ಅಲುಗಿದಾಗಲೆಲ್ಲ ಆ ಚಿತ್ರಗಳೂ ಅಲುಗಿದಂತೆ ಕಾಣುತ್ತವೆ.

ಇದು ಪಾಂಪೇ ಪಟ್ಟಣದ ಶ್ರೀಮಂತರೊಬ್ಬರ ಊಟದ ಕೋಣೆ. ಉದ್ದ ಸುಮಾರು 15 ಮೀಟರ್, ಅಗಲ ಆರು ಮೀಟರ್. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೆಟ್ಟ ಬೆಂಕಿ ಕಾರಿದಾಗ ಬೂದಿಯಡಿ ಹೂತುಹೋದ ಈ ಕೋಣೆಯನ್ನು ಉತ್ಖನನಕಾರರು ಜಗತ್ತಿಗೆ ತೋರಿಸಿದ್ದು 2024ರ ಏಪ್ರಿಲ್‌ನಲ್ಲಿ.

ಉಣ್ಣುವ ಜಾಗಕ್ಕೆ ಕಪ್ಪು ಏಕೆ? ದೀಪದ ಮಸಿ ಗೋಡೆಗೆ ಹಿಡಿದರೂ ಕಾಣಬಾರದೆಂದು, ಎಂದು ಪಾಂಪೇ ಪುರಾತತ್ವ ಉದ್ಯಾನದ ನಿರ್ದೇಶಕ ಗ್ಯಾಬ್ರಿಯೆಲ್ ಝುಖ್ಟ್‌ರೀಗಲ್ ವಿವರಿಸಿದರು. ಅದಕ್ಕೆ ಲಿಖಿತ ಆಧಾರವೂ ಇದೆ. ಪಾಂಪೇ ಮುಳುಗುವುದಕ್ಕೆ ನೂರು ವರ್ಷದ ಆಸುಪಾಸಿನಲ್ಲಿ ರೋಮಿನ ವಾಸ್ತುಶಿಲ್ಪಿ ವಿಟ್ರುವಿಯಸ್ ತನ್ನ ಗ್ರಂಥದ ಏಳನೆಯ ಭಾಗದಲ್ಲಿ ಚಳಿಗಾಲದ ಊಟದ ಕೋಣೆಗಳ ಬಗ್ಗೆ ಬರೆದಿದ್ದಾನೆ. ಒಲೆಯ ಹೊಗೆ, ದೀಪದ ಮಸಿ ತಪ್ಪಿದ್ದಲ್ಲ, ಅಲ್ಲಿ ನಾಜೂಕಾದ ಚಿತ್ತಾರ ಮಾಡಿ ಹಾಳುಮಾಡಬೇಡಿ. ಕರಿಬಣ್ಣದ ಹಲಗೆಗಳನ್ನು ಹೊಳಪಾಗಿ ತೀಡಿ, ನಡುನಡುವೆ ಹಳದಿ ಕಾವಿ ಇಲ್ಲವೇ ಇಂಗಲೀಕದ ಪಟ್ಟಿ ಕೊಡಿ ಎಂಬುದು ಅವನ ಸಲಹೆ.

ಆ ಕರಿಬಣ್ಣ ತಯಾರಾಗುತ್ತಿದ್ದುದೂ ಮಸಿಯಿಂದಲೇ. ರಾಳವನ್ನು ಕುಲುಮೆಯಲ್ಲಿ ಸುಟ್ಟು, ಗೋಡೆಗೆ ಕಟ್ಟಿದ ಕಾಡಿಗೆಯನ್ನು ಕೆರೆದು, ಅಂಟಿನಲ್ಲಿ ಕಲಸಿ ಬಳಿಯುತ್ತಿದ್ದರು.

ಈಗ ನಮ್ಮ ಊಟದ ಕೋಣೆಯಲ್ಲಿ ಮಸಿಯಿಲ್ಲ. ಎಲ್‌ಇಡಿ ಬಲ್ಬಿಗೆ ಹೊಗೆಯಿಲ್ಲ. ಹಾಗಾದರೆ ಕಡುಬಣ್ಣದ ಕೆಲಸ ಮುಗಿಯಿತೇ? ಮುಗಿದಿಲ್ಲ ಎಂಬುದೇ ನನ್ನ ವಾದ. ಮಸಿ ಮುಚ್ಚುವುದು ಆ ಗೋಡೆಯ ಒಂದು ಉಪಯೋಗವಷ್ಟೇ. ಇನ್ನೊಂದು ಇದೆ, ಅದು ಇಂದಿಗೂ ಉಳಿದಿದೆ. ಕಡುಗೋಡೆ ಬೆಳಕನ್ನು ಊಟದ ಮೇಲೆ, ಉಣ್ಣುವವರ ಮುಖದ ಮೇಲೆ ನಿಲ್ಲಿಸುತ್ತದೆ.

ಬೆಳಕಿನ ಲೆಕ್ಕ

ಗೋಡೆಗೆ ಬಿದ್ದ ಬೆಳಕಿನಲ್ಲಿ ಎಷ್ಟು ಪಾಲು ವಾಪಸು ಬರುತ್ತದೆ ಎಂಬುದಕ್ಕೆ ಬಣ್ಣದ ಉದ್ಯಮದಲ್ಲಿ ಸೊನ್ನೆಯಿಂದ ನೂರರವರೆಗಿನ ಅಳತೆಯಿದೆ. ಎಲ್‌ಆರ್‌ವಿ ಎನ್ನುತ್ತಾರೆ. ಒಳ್ಳೆಯ ಬಿಳಿ ಬಣ್ಣ 80 ದಾಟುತ್ತದೆ. ನಾವು ಕಡು ಎನ್ನುವ ನೀಲಿ, ಹಸಿರು, ಕಂದುಗಳು ಹತ್ತರ ಆಸುಪಾಸಿನಲ್ಲೋ ಅದಕ್ಕೂ ಕೆಳಗೋ ಇರುತ್ತವೆ.

80 ಮತ್ತು 10ರ ನಡುವೆ ಎಂಟು ಪಟ್ಟು ವ್ಯತ್ಯಾಸ ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಕೋಣೆಯೊಳಗೆ ಆಗುವುದು ಅದಕ್ಕಿಂತ ಸ್ವಾರಸ್ಯವಾದದ್ದು. ಬಿಳಿ ಕೋಣೆಯಲ್ಲಿ ಬೆಳಕು ಒಂದು ಗೋಡೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮಗದೊಂದಕ್ಕೆ ಪುಟಿಯುತ್ತಲೇ ಇರುತ್ತದೆ. ನೆಲ, ಸೂರು, ಗೋಡೆ ಎಲ್ಲವೂ ಶೇ 80ರಷ್ಟು ಬೆಳಕನ್ನು ಹಿಂತಿರುಗಿಸುತ್ತವೆ ಎಂದಿಟ್ಟುಕೊಂಡರೆ, ಹೀಗೆ ಪುಟಿದು ಪುಟಿದು ಕೂಡುವ ಬೆಳಕು ದೀಪದಿಂದ ನೇರ ಬಂದದ್ದರ ಐದು ಪಟ್ಟಿನವರೆಗೆ ಏರುತ್ತದೆ. ಎಲ್ಲವೂ ಶೇ 10ರಷ್ಟನ್ನೇ ಹಿಂತಿರುಗಿಸಿದರೆ, ನೂರಕ್ಕೆ ನೂರಹನ್ನೊಂದು. ಅಷ್ಟೇ.

ಅಂದರೆ ಬಿಳಿ ಕೋಣೆಯಲ್ಲಿ ಬೆಳಕು ಎಲ್ಲೆಡೆ ಒಂದೇ ಸಮ. ಪಲ್ಯದ ಪಾತ್ರೆಗೂ ಅಷ್ಟೇ, ಮೂಲೆಯ ಫ್ರಿಜ್ಜಿಗೂ ಅಷ್ಟೇ, ಗೋಡೆಯ ಕ್ಯಾಲೆಂಡರಿಗೂ ಅಷ್ಟೇ. ಕಡುಗೋಡೆಯ ಕೋಣೆಯಲ್ಲಿ ದೀಪ ಎಲ್ಲಿಗೆ ಮುಖ ಮಾಡಿದೆಯೋ ಅಲ್ಲಿ ಮಾತ್ರ ಬೆಳಕು. ಮೇಜಿನ ಮೇಲೆ ದೀಪ ಇಳಿಬಿಟ್ಟರೆ ಮೇಜೇ ಕೋಣೆಯಾಗುತ್ತದೆ. ಅಡುಗೆಯ ಹಬೆ ಕೂಡ ಕಣ್ಣಿಗೆ ಬೀಳುತ್ತದೆ. ಹಿಂದೆ ಕಪ್ಪಿದ್ದಾಗ ಬಿಳಿ ಹಬೆ ಎದ್ದು ಕಾಣುವುದು ಸಹಜ.

ಜಪಾನಿನ ಲೇಖಕ ಜುನಿಚಿರೊ ತನಿಝಾಕಿ 1933ರಲ್ಲಿ ನೆರಳನ್ನು ಕೊಂಡಾಡಿ ಬರೆದ ಪ್ರಬಂಧ ಜಗತ್ತಿನ ಅನೇಕ ವಾಸ್ತುಶಿಲ್ಪ ವಿದ್ಯಾರ್ಥಿಗಳು ಓದುವ ಪಠ್ಯವಾಗಿದೆ. ಅರಗಿನ ಹೊಳಪಿನ ಕರಿ ಬಟ್ಟಲುಗಳ ಚೆಲುವು ಮಂದ ಬೆಳಕಿನಲ್ಲೇ ತಿಳಿಯುವಂಥದ್ದು, ತಮ್ಮ ನಾಡಿನ ಅಡುಗೆ ನೆರಳಿನೊಂದಿಗೆ ಬೆರೆತು ಬೆಳೆದದ್ದು ಎಂಬುದು ಅವರ ನಿಲುವು. ವಿದ್ಯುದ್ದೀಪದ ಉರಿಬೆಳಕು ಊಟದ ರುಚಿಯ ಒಂದು ಪಾಲನ್ನು ಕಸಿದುಕೊಂಡಿತೆಂದು ಅವರು ನಂಬಿದ್ದರು. ಟ್ಯೂಬ್‌ಲೈಟಿನ ಕೆಳಗೆ ಬಾಳೆ ಎಲೆ ಹಾಸಿಕೊಂಡು ಕೂತ ಯಾರಿಗಾದರೂ ಈ ಮಾತು ಅರ್ಥವಾಗುತ್ತದೆ.

▪ ಬಾಕ್ಸ್: ಹಸಿರು ಹೊತ್ತು ತಂದ ವಿಷ

*ಹತ್ತೊಂಬತ್ತನೇ ಶತಮಾನದ ಯುರೋಪಿನ ಮನೆಗಳಿಗೆ ಹಸಿರಿನ ಹುಚ್ಚು ಹಿಡಿದಿತ್ತು. 1775ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಕಾರ್ಲ್ ಷೀಲೆ ಕಂಡುಹಿಡಿದ ಹಸಿರು, ಆಮೇಲೆ ಬಂದ ಎಮರಾಲ್ಡ್ ಹಸಿರು ಎರಡರಲ್ಲೂ ಇದ್ದದ್ದು ತಾಮ್ರ ಮತ್ತು ಆರ್ಸೆನಿಕ್. ಗೋಡೆಗಂಟಿಸುವ ಕಾಗದ, ಬಟ್ಟೆ, ಬೊಂಬೆ ಎಲ್ಲದರಲ್ಲೂ ಈ ವಿಷ ಮನೆ ಸೇರಿತು.*

*ನಮ್ಮ ಕಾಲದ ಆತಂಕ ಸೀಸ. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮವನ್ನು 2016ರಲ್ಲಿ ಹೊರಡಿಸಲಾಯಿತು. 2017ರ ನವೆಂಬರ್‌ನಲ್ಲಿ ಅದು ಜಾರಿಗೆ ಬಂತು. ಡಬ್ಬದ ಮೇಲಿನ ಆ ಸಾಲು ಓದಿ ಕೊಳ್ಳಿ. ಹಳೆಯ ಮನೆಯ ಕಿಟಕಿ, ಬಾಗಿಲುಗಳ ಎನಾಮಲ್ ಬಣ್ಣವನ್ನು ಒಣದಾಗಿ ಉಜ್ಜಿ ದೂಳೆಬ್ಬಿಸಬೇಡಿ.*

ನವಿಲಿನ ಜಗಳ

ಕಡುಬಣ್ಣದ ಊಟದ ಕೋಣೆಗಳಲ್ಲಿ ಅತಿ ಹೆಚ್ಚು ಹೆಸರು ಮಾಡಿದ್ದು ಲಂಡನ್ನಿನದು. ಆ ಕಥೆಯಲ್ಲಿ ಕಲೆಯಿದೆ, ದುಡ್ಡಿದೆ, ಮುರಿದ ಸ್ನೇಹವಿದೆ.

ಲಿವರ್‌ಪೂಲಿನ ಹಡಗು ವ್ಯಾಪಾರಿ ಫ್ರೆಡರಿಕ್ ಲೇಲ್ಯಾಂಡ್ ಲಂಡನ್ನಿನ 49, ಪ್ರಿನ್ಸಸ್ ಗೇಟ್ ಮನೆಯ ಊಟದ ಕೋಣೆಯನ್ನು ಹೊಸದಾಗಿ ಕಟ್ಟಿಸುತ್ತಿದ್ದ. ಚೀನಾದ ನೀಲಿ-ಬಿಳಿ ಪಿಂಗಾಣಿ ಅವನಿಗೆ ಪ್ರಾಣ. ಅದನ್ನು ಜೋಡಿಸಿಡಲು ವಾಸ್ತುಶಿಲ್ಪಿ ಥಾಮಸ್ ಜೆಕಿಲ್ ಗೋಡೆ ತುಂಬ ಕಟ್ಟಿಗೆಯ ಗೂಡು ಮಾಡಿದ, ಹಿಂದೆ ಹೂಬಳ್ಳಿಯ ಚಿನ್ನದ ಬಣ್ಣದ ಹಳೆಯ ಚರ್ಮ ಹೊದಿಸಿದ. ಕೋಣೆಯಲ್ಲಿ ತೂಗುಹಾಕಿದ್ದ ಚಿತ್ರ ಅಮೆರಿಕ ಮೂಲದ ಕಲಾವಿದ ಜೇಮ್ಸ್ ವಿಸ್ಲರ್‌ನದು, ಪಿಂಗಾಣಿ ನಾಡಿನ ರಾಜಕುಮಾರಿಯದು.

1876ರಲ್ಲಿ ಜೆಕಿಲ್ ಕಾಯಿಲೆ ಬಿದ್ದ. ಉಳಿದ ಚೂರುಪಾರು ಕೆಲಸಕ್ಕೆ ವಿಸ್ಲರ್ ಬಂದ. ಗೋಡೆಯ ಹೂವುಗಳು ತನ್ನ ಚಿತ್ರಕ್ಕೆ ಹೊಂದುವುದಿಲ್ಲ ಎಂದು ಅಲ್ಲಿಷ್ಟು ಇಲ್ಲಿಷ್ಟು ತಿದ್ದತೊಡಗಿದ. ಮನೆಯ ಯಜಮಾನ ಲಿವರ್‌ಪೂಲಿನಲ್ಲಿದ್ದ. ಕೈ ನಿಲ್ಲಲಿಲ್ಲ. ಸೂರಿಗೆ ಚಿನ್ನದ ಬಣ್ಣ ಬಂತು, ಅದರ ಮೇಲೆ ನವಿಲುಗರಿಯ ವಿನ್ಯಾಸ ಬಂತು, ಕಿಟಕಿಯ ಬಾಗಿಲುಗಳ ಮೇಲೆ ನವಿಲುಗಳೇ ಇಳಿದವು. ನೋಡಲು ಪತ್ರಕರ್ತರನ್ನೂ ಕರೆದ.

ಕೊನೆಗೆ ವಿಸ್ಲರ್ ಕೇಳಿದ್ದು 2,000 ಗಿನಿ. ಲೇಲ್ಯಾಂಡ್ ಕೊಟ್ಟದ್ದು 1,000 ಪೌಂಡ್. ಮೊತ್ತ ಅರ್ಧವಾದದ್ದು ಒಂದು ನೋವು. ಅದಕ್ಕಿಂತ ಆಳಕ್ಕೆ ಇರಿದದ್ದು ನಾಣ್ಯ. ಆಗ ಕಲಾವಿದರಿಗೆ, ವೈದ್ಯರಿಗೆ, ವಕೀಲರಿಗೆ ಸಂದಾಯ ಗಿನಿಯಲ್ಲಿ. ಕೂಲಿ ಕೆಲಸದವರಿಗೆ, ಅಂಗಡಿಯವರಿಗೆ ಪೌಂಡಿನಲ್ಲಿ. 21 ಷಿಲಿಂಗಿನ ಗಿನಿ ಹೋಗಿ 20 ಷಿಲಿಂಗಿನ ಪೌಂಡ್ ಬಂದಾಗ ವಿಸ್ಲರ್‌ಗೆ ತನ್ನ ಸ್ಥಾನವೇ ಇಳಿದಂತಾಯಿತು.

ಆ ಸಿಟ್ಟಿನಲ್ಲಿ ಅವನು ಬೆಲೆಬಾಳುವ ಚರ್ಮದ ಮೇಲೆಲ್ಲ ಪ್ರಷ್ಯನ್ ನೀಲಿ ಬಳಿದ. ರಾಜಕುಮಾರಿಯ ಚಿತ್ರದ ಎದುರು ಗೋಡೆಯಲ್ಲಿ ಹೊಡೆದಾಡುವ ಎರಡು ಚಿನ್ನದ ನವಿಲುಗಳನ್ನು ಬರೆದ. ಒಂದರ ಕಾಲಬುಡದಲ್ಲಿ ಬೆಳ್ಳಿಯ ನಾಣ್ಯಗಳು ಚೆಲ್ಲಿವೆ. ಆ ಹಕ್ಕಿ ಯಾರೆಂದು ಲೇಲ್ಯಾಂಡ್‌ಗೆ ಬಿಡಿಸಿ ಹೇಳಬೇಕಿರಲಿಲ್ಲ. ಚಿತ್ರದ ಹೆಸರೇ ಕಲೆ ಮತ್ತು ಹಣದ ಮೇಲೆ.

ವಿಸ್ಲರ್ 1879ರಲ್ಲಿ ದಿವಾಳಿಯಾದ. ಲೇಲ್ಯಾಂಡ್ ಆ ನೀಲಿಯನ್ನು ಕೆರೆಸಿ ತೆಗೆಸಬಹುದಿತ್ತು. ತೆಗೆಸಲಿಲ್ಲ. 1892ರಲ್ಲಿ ತೀರಿಕೊಳ್ಳುವವರೆಗೂ ಅದೇ ಕೋಣೆಯನ್ನು ಹಾಗೆಯೇ ಉಳಿಸಿಕೊಂಡ. ತನ್ನನ್ನು ಹಂಗಿಸುವ ಚಿತ್ರವಿದ್ದ ಗೋಡೆಯನ್ನು ಯಜಮಾನ ಏಕೆ ಉಳಿಸಿಕೊಂಡ? ನನ್ನ ಮಟ್ಟಿಗೆ ಉತ್ತರ ಆ ಪಿಂಗಾಣಿಯಲ್ಲಿದೆ. ಚಿನ್ನದ ಹೂಬಳ್ಳಿಯ ಮುಂದೆ ಕಳೆದುಹೋಗುತ್ತಿದ್ದ ನೀಲಿ-ಬಿಳಿ ಹೂಜಿಗಳು ಕಡುನೀಲಿಯ ಮುಂದೆ ಜೀವ ತಳೆದು ನಿಂತಿರಬೇಕು.

1904ರಲ್ಲಿ ಅಮೆರಿಕದ ಉದ್ಯಮಿ ಚಾರ್ಲ್ಸ್ ಫ್ರೀರ್ ಇಡೀ ಕೋಣೆಯನ್ನೇ ಕೊಂಡ. ಬಿಚ್ಚಿ, ಹಡಗಿಗೇರಿಸಿ, ಡೆಟ್ರಾಯಿಟ್‌ನ ತನ್ನ ಮನೆಯಲ್ಲಿ ಮರಳಿ ಜೋಡಿಸಿದ. ಅವನ ನಂತರ ಅದು ವಾಷಿಂಗ್ಟನ್ ಸೇರಿತು. 1923ರಲ್ಲಿ ತೆರೆದ ಫ್ರೀರ್ ಕಲಾಸಂಗ್ರಹಾಲಯದಲ್ಲಿ ಇಂದಿಗೂ ನೋಡಬಹುದು. ಅಮೆರಿಕದಲ್ಲಿರುವ ಕನ್ನಡಿಗರೇ, ವಾಷಿಂಗ್ಟನ್ ಕಡೆ ಹೋದರೆ ಈ ಕೋಣೆಯನ್ನು ತಪ್ಪಿಸಬೇಡಿ. ಪ್ರವೇಶ ಉಚಿತ.

ಲಂಡನ್ನಿನಲ್ಲೇ ಇನ್ನೊಂದು ಕೋಣೆಯಿದೆ. ವಾಸ್ತುಶಿಲ್ಪಿ ಜಾನ್ ಸೋನ್ ಲಿಂಕನ್ಸ್ ಇನ್ ಫೀಲ್ಡ್ಸ್‌ನ ತನ್ನ ಮನೆಯಲ್ಲಿ ಪುಸ್ತಕದ ಮನೆಯನ್ನೂ ಊಟದ ಮನೆಯನ್ನೂ ಒಂದಾಗಿಸಿ, ಗೋಡೆಗೆ ಪಾಂಪೇಯ ಕೆಂಪು ಬಳಿಸಿದ್ದ; ಬೆಳಕಿನ ಕೊರತೆಯನ್ನು ಕನ್ನಡಿಗಳಿಂದ ತುಂಬಿಕೊಂಡಿದ್ದ. ಆ ಮನೆ ಈಗ ವಸ್ತುಸಂಗ್ರಹಾಲಯ. ಕಡುಬಣ್ಣಕ್ಕೆ ಕನ್ನಡಿಯ ಜೊತೆ ಎಂಬ ಪಾಠ ನಮ್ಮ ಚಿಕ್ಕ ಫ್ಲ್ಯಾಟುಗಳಿಗೂ ಒಪ್ಪುತ್ತದೆ.

ನಮ್ಮ ಗೋಡೆಯ ಕೆಂಪು

ಕಡುಗೋಡೆ ಪರದೇಶದ ಫ್ಯಾಷನ್ ಎಂದುಕೊಳ್ಳುವವರು ಸಾಗರ, ಸೊರಬದ ಕಡೆ ಹೋಗಿ ಬರಬೇಕು. ದೀವರ ಮನೆಯ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ನೆನೆಸಿದ ಅಕ್ಕಿ ಅರೆದ ಬಿಳಿ, ಹುರಿದು ಕರಿಕಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿನಾರಿನ ಕುಂಚ. ಆ ಸಣ್ಣ ಬಿಳಿ ಎಳೆಗಳು ಅಷ್ಟು ಚುರುಕಾಗಿ ಕಾಣುವುದಕ್ಕೆ ಹಿಂದಿನ ಕೆಂಪೇ ಕಾರಣ. ಸುಣ್ಣದ ಗೋಡೆಯ ಮೇಲೆ ಅದೇ ಕೈ ಅದೇ ಎಳೆ ಬರೆದರೂ ಕಾಣದು.

ಉತ್ತರ ಕನ್ನಡದ ಕರಾವಳಿ, ಗೋವಾ, ಕೊಂಕಣದ ಗುಡಿಗಳಲ್ಲಿ ಕಾವಿ ಕಲೆಯಿದೆ. ಬಿಳಿ ಗಾರೆಯ ಮೇಲೆ ಕಾವಿಮಣ್ಣು ಕಲಸಿದ ಕೆಂಪು ಪದರ ಕೊಟ್ಟು, ಹಸಿಯಿರುವಾಗಲೇ ಕೆರೆದು ಒಳಗಿನ ಬಿಳಿಯನ್ನು ಹೊರತರುವ ಕೆಲಸ ಅದು. ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಊಟಕ್ಕೆ ಮಣೆ ಹಾಕುತ್ತಿದ್ದದ್ದು ಕೆಂಪು ಗಾರೆಯ ನೆಲದ ಮೇಲೆ. ಮಲೆನಾಡಿನ ಅಡುಗೆಮನೆಯ ಜಂತಿಗಳಿಗೆ ಕಪ್ಪು ಬಳಿದವರು ಯಾರೂ ಇಲ್ಲ, ಒಲೆಯ ಹೊಗೆಯೇ ಬಳಿದದ್ದು. ಆ ಕಪ್ಪಿನ ಕೆಳಗೆ ಹೊಳೆಯುವ ಹಿತ್ತಾಳೆ ಪಾತ್ರೆ, ಹಸಿರು ಎಲೆ, ಬಿಳಿ ಅನ್ನ ಕಂಡವರಿಗೆ ನಾನು ಬಿಡಿಸಿ ಹೇಳಬೇಕಾದ್ದಿಲ್ಲ.

ಹಳ್ಳಿಮನೆಗಳ ಇನ್ನೊಂದು ಜಾಣ್ಮೆ ಗೋಡೆಯ ಕೆಳಭಾಗಕ್ಕೆ ಕೆಮ್ಮಣ್ಣಿನ ಪಟ್ಟಿ, ಮೇಲೆ ಸುಣ್ಣ. ಒರಗಿ ಕೂತ ತಲೆ, ಮಕ್ಕಳ ಕೈ, ಚೆಲ್ಲಿದ ಸಾರು ತಾಗುವುದೆಲ್ಲ ಆ ಎತ್ತರದಲ್ಲೇ. ಇಡೀ ಗೋಡೆಗೆ ಕಡುಬಣ್ಣ ಬಳಿಸಲು ಧೈರ್ಯ ಸಾಲದಿದ್ದರೆ ಮೂರು, ಮೂರೂವರೆ ಅಡಿಯ ಈ ಪಟ್ಟಿಯಿಂದ ಶುರುಮಾಡಿ.

“ಡಾರ್ಕ್ ಹೊಡೆದ್ರೆ ರೂಮ್ ಚಿಕ್ದಾಗತ್ತೆ ಮೇಡಂ”

ಇದು ಪೇಂಟರ್ ಮೊದಲು ಹೇಳುವ ಮಾತು. ಹಗಲಿನ ಮಟ್ಟಿಗೆ ಅವರ ಮಾತು ಸರಿ. ತಿಳಿಬಣ್ಣದ ಗೋಡೆ ದೂರ ಸರಿದಂತೆ ಕಾಣುತ್ತದೆ, ಕಡುಬಣ್ಣದ್ದು ಹತ್ತಿರ ಬಂದಂತೆ. ರಾತ್ರಿ ದೀಪ ಮೇಜಿನ ಮೇಲಷ್ಟೇ ಇದ್ದಾಗ ಕಡುಗೋಡೆಯ ಅಂಚು ನೆರಳಿನಲ್ಲಿ ಕರಗಿ, ಗೋಡೆ ಎಲ್ಲಿ ನಿಂತಿದೆ ಎಂಬುದೇ ಕಣ್ಣಿಗೆ ಸಿಗುವುದಿಲ್ಲ. ಆದ್ದರಿಂದ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಿಮ್ಮ ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣುವುದು ಯಾವ ಹೊತ್ತಿನಲ್ಲಿ? ಮಧ್ಯಾಹ್ನವಾದರೆ, ಅದೇ ಮೇಜಿನ ಮೇಲೆ ಮಕ್ಕಳು ಹೋಂವರ್ಕ್ ಮಾಡುವುದಾದರೆ, ತಿಳಿಬಣ್ಣವೇ ಇರಲಿ. ರಾತ್ರಿಯಾದರೆ ಕಡುಬಣ್ಣಕ್ಕೆ ಹೆದರಬೇಡಿ.

ಮನೆಯ ಹಿರಿಯರು ಕಪ್ಪು ಬೇಡ, ಅಶುಭ ಎನ್ನಬಹುದು. ಅವರ ಮನಸ್ಸು ನೋಯಿಸಿ ಗೋಡೆ ಕಪ್ಪು ಮಾಡುವ ಅಗತ್ಯವೂ ಇಲ್ಲ. ಕಾವಿ ಕೆಂಪು, ಹಲಸಿನೆಲೆಯ ಕಡು ಹಸಿರು, ಕಾಫಿಬೀಜದ ಕಂದು ಅದೇ ಕೆಲಸ ಮಾಡುತ್ತವೆ. ನಮ್ಮ ಮನೆಗಳಿಗೆ ನನ್ನ ಮೊದಲ ಆಯ್ಕೆ ಕಾವಿಯೇ. ಬೆಚ್ಚನೆಯ ಹಳದಿ ಬೆಳಕಿನಲ್ಲಿ ಕೆಂಪು-ಕಂದುಗಳು ಅರಳುತ್ತವೆ. ಅದೇ ಬೆಳಕಿನಲ್ಲಿ ನೀಲಿಯ ಅಂಶ ಕಡಿಮೆ ಇರುವುದರಿಂದ ಕಡುನೀಲಿ ಬಹುತೇಕ ಕಪ್ಪಾಗಿ ಬಿಡುತ್ತದೆ. ಅದು ಇಷ್ಟವಿದ್ದವರು ಮಾತ್ರ ನೀಲಿಗೆ ಕೈಹಾಕಬೇಕು. ಈಗ ಎಲ್ಲೆಡೆ ಕಾಣುವ ಇದ್ದಿಲು ಬೂದು ನನಗೆ ಒಪ್ಪಿಗೆಯಿಲ್ಲ. ಬಿಳಿ ಟ್ಯೂಬ್‌ಲೈಟಿನ ಕೆಳಗೆ ಅದು ಸಿಮೆಂಟಿನಂತೆ ಸಪ್ಪಗಾಗುತ್ತದೆ, ಊಟದ ಬಣ್ಣಗಳಿಗೆ ಏನನ್ನೂ ಕೊಡುವುದಿಲ್ಲ.

ಬಣ್ಣಕ್ಕಿಂತ ಮುಂಚೆ ದೀಪ ಆಯ್ದುಕೊಳ್ಳಬೇಕು. 2,700ರಿಂದ 3,000 ಕೆಲ್ವಿನ್‌ನ ಬೆಚ್ಚಗಿನ ಬಲ್ಬ್ ತನ್ನಿ. ಪೆಟ್ಟಿಗೆಯ ಮೇಲೆ ಸಿಆರ್‌ಐ 90 ಅಥವಾ ಹೆಚ್ಚು ಎಂದಿರಲಿ. ಆಗ ತಿಳಿಸಾರಿನ ಕೆಂಪು, ಕೊತ್ತಂಬರಿಯ ಹಸಿರು ಇದ್ದಂತೆ ಕಾಣುತ್ತವೆ. ಮೇಜಿನ ಮೇಲ್ಮೈಯಿಂದ ಎರಡೂವರೆ, ಮೂರು ಅಡಿ ಎತ್ತರಕ್ಕೆ ದೀಪ ಇಳಿಬಿಡಿ.

ಇಲ್ಲಿ ನಮ್ಮ ಮನೆಗಳಿಗೊಂದು ತೊಡಕಿದೆ: ಫ್ಯಾನು. ಮೇಜಿನ ನೆತ್ತಿಯ ಮೇಲೆ ಅದು ತಿರುಗುತ್ತಿರುತ್ತದೆ. ದೀಪ ಅದಕ್ಕಿಂತ ಮೇಲಿದ್ದರೆ ರೆಕ್ಕೆಯ ನೆರಳು ತಟ್ಟೆಯ ಮೇಲೆ ಮಿಣುಕುತ್ತದೆ, ಕಡುಗೋಡೆಯ ಕೋಣೆಯಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಫ್ಯಾನನ್ನು ಪಕ್ಕಕ್ಕೆ ಸರಿಸಬೇಕು, ಇಲ್ಲವೇ ಗೋಡೆಗೆ ಹಾಕುವ ಫ್ಯಾನು ತರಬೇಕು. ಬಣ್ಣದ ಖರ್ಚಿಗೆ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ.

ಹಾಲ್ ಮತ್ತು ಡೈನಿಂಗ್ ಒಂದೇ ಆಗಿರುವ ಫ್ಲ್ಯಾಟಿನಲ್ಲಿ ಮೇಜು ತಾಗಿಕೊಂಡಿರುವ ಒಂದು ಗೋಡೆಗೆ ಕಡುಬಣ್ಣ ಸಾಕು. ಕಿಟಕಿಯಿರುವ ಗೋಡೆಯನ್ನು ಮಾತ್ರ ಬಿಡಿ. ಹಗಲಿನಲ್ಲಿ ಹೊರಗಿನ ಉರಿಬೆಳಕು, ಸುತ್ತ ಕಪ್ಪು ಅಂಚು, ಕಣ್ಣಿಗೆ ಹಿಂಸೆ. ಸೂರಿಗೆ ನೀಲಿ ಛಾಯೆಯ ಬಿಳಿ ಬೇಡ, ಕೆನೆ ಬೆರೆತ ಬಿಳಿ ಇರಲಿ.

▪ ಬಾಕ್ಸ್: ಡಬ್ಬ ತೆರೆಯುವ ಮುನ್ನ

*ಕಡುಬಣ್ಣ ಗೋಡೆಯ ಪ್ರತಿ ತಪ್ಪನ್ನೂ ಬಯಲು ಮಾಡುತ್ತದೆ. ಪುಟ್ಟಿ ಕೆಲಸಕ್ಕೆ ಹೆಚ್ಚು ದಿನ ಕೊಡಿ. ಉಜ್ಜಿದ ಮೇಲೆ ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದು ಉಬ್ಬುತಗ್ಗು ನೋಡಿ.*

*ಕಡು ಶೇಡುಗಳಲ್ಲಿ ಬಿಳಿ ಟೈಟಾನಿಯಂ ಕಡಿಮೆ. ಹಾಗಾಗಿ ಕೆಲವು ಕೆಂಪುಗಳು ಎರಡು ಕೋಟ್‌ನಲ್ಲಿ ಮುಚ್ಚುವುದಿಲ್ಲ. ಕೆಳಗೆ ಬೂದು ಛಾಯೆ ಬೆರೆಸಿದ ಪ್ರೈಮರ್ ಹೊಡೆಸಿದರೆ ಒಂದು ಕೋಟ್ ಉಳಿಯಬಹುದು.*

*ಮ್ಯಾಟ್ ಫಿನಿಷ್ ಗೋಡೆಯ ಡೊಂಕು ಮುಚ್ಚುತ್ತದೆ, ಆದರೆ ಒರೆಸಿದಲ್ಲಿ ಹೊಳಪಿನ ಗುರುತು ಉಳಿಯುತ್ತದೆ. ಅರಿಶಿನದ ಕೈ ತಾಗುವ ಕೆಳಭಾಗಕ್ಕೆ ತುಸು ಹೊಳಪಿನ, ತೊಳೆಯಲು ಬರುವ ಬಣ್ಣ ಒಳ್ಳೆಯದು.*

*ತೇವ ಹಿಡಿದ ಗೋಡೆಗೆ ಕಡುಬಣ್ಣ ಖಂಡಿತ ಬೇಡ. ಗಾರೆಯೊಳಗಿನ ಉಪ್ಪು ಬಿಳಿ ಪುಡಿಯಾಗಿ ಹೊರಬಂದು ಎದ್ದು ಕಾಣುತ್ತದೆ. ಬಚ್ಚಲುಮನೆಗೆ ಅಂಟಿದ ಗೋಡೆಯಾದರೆ ಮೊದಲು ಸೋರಿಕೆ ನಿಲ್ಲಿಸಿ.*

ಇನ್ನು ಶೇಡ್ ಕಾರ್ಡ್. ಅದರ ಮೇಲಿನ ಬೆರಳಗಲದ ಚೂರು ನೋಡಿ ತೀರ್ಮಾನಿಸಬೇಡಿ, ಇಡೀ ಗೋಡೆಗೆ ಬಂದಾಗ ಅದೇ ಬಣ್ಣ ಬೇರೆಯಾಗಿ ಕಾಣುತ್ತದೆ. ಚಿಕ್ಕ ಡಬ್ಬ ತರಿಸಿ ಎರಡಡಿ ಚೌಕದ ಹಲಗೆಗೆ ಎರಡು ಕೋಟ್ ಬಳಿಯಿರಿ. ರಾತ್ರಿ ಊಟದ ಹೊತ್ತಿಗೆ ಅದನ್ನು ಮೇಜಿನ ಹಿಂದೆ ನಿಲ್ಲಿಸಿ, ಟ್ಯೂಬ್‌ಲೈಟ್ ಆರಿಸಿ, ಬೆಚ್ಚಗಿನ ಬಲ್ಬ್ ಹಚ್ಚಿ. ಮನೆಮಂದಿಯೆಲ್ಲ ಕೂತು ಉಂಡು ನೋಡಿ. ಎದುರಿಗೆ ಕೂತವರ ಮುಖ ಚೆನ್ನಾಗಿ ಕಂಡರೆ ಆ ಬಣ್ಣ ನಿಮ್ಮ ಮನೆಯದು. ಪೇಂಟರಿಗೆ ಅದರ ನಂಬರ್ ಕೊಡಿ, ಹಬ್ಬಕ್ಕೆ ಹದಿನೈದು ದಿನ ಇರುವಾಗಲೇ ಕೆಲಸ ಶುರುಮಾಡಿಸಿ.